ಮುಖ ನೋಡದ ಗುಡ್ಡ

ಇಂಗ್ಲೆಂಡಿನ ಉತ್ತರ ಸೀಮೆಯಲ್ಲಿ ಆಲ್ಡ್‌ಹೋಮ್ ಮತ್ತು ಕ್ರೇವಿಕ್ ಎಂಬ ಎರಡು ಸಣ್ಣ ಊರುಗಳ ನಡುವೆ ಒಂದು ಬೋಳು ಗುಡ್ಡವಿದೆ. ಎತ್ತರವೇನೂ ಇಲ್ಲ, ಊಟ ಮುಗಿಸಿ ಹೊರಟ ಮುದುಕರೂ ಏದುಸಿರಿಲ್ಲದೆ ಹತ್ತಿ ಇಳಿಯಬಹುದು. ಇಳಿಜಾರಿನ ತುಂಬ ಕುರಿಗಳು ಮೇಯುತ್ತವೆ. ನೆತ್ತಿಯ ಮೇಲೆ ಗಡಿಯ ಗುರುತಿಗೆ ನೆಟ್ಟ ಒಂದು ಕಲ್ಲು, ಪಾಚಿ ಹಿಡಿದು, ಗಾಳಿ ಬೀಸುವ ಕಡೆಗೆ ಕೊಂಚ ವಾಲಿ ನಿಂತಿದೆ. ಅಲ್ಲಿಯ ಜನ ಈ ಗುಡ್ಡಕ್ಕೆ ಇಟ್ಟ ಹೆಸರನ್ನು ನಮ್ಮ ಮಾತಿಗೆ ತಂದರೆ 'ಮುಖ ನೋಡದ ಗುಡ್ಡ' ಎಂದಾಗುತ್ತದೆ. ನಕಾಶೆ ಬರೆಯಲು ಬಂದ ಪಟ್ಟಣದವರೊಬ್ಬರು, ಸದಾ ಮಂಜು ಕವಿದಿರುವುದರಿಂದ ಈ ಹೆಸರು ಬಂದಿರಬೇಕು ಎಂದು ಊಹಿಸಿ ಬರೆದುಕೊಂಡು ಹೋದರಂತೆ. ಊರ ಹಿರಿಯರು ತಲೆಯಾಡಿಸಿ ಅವರಿಗೆ ಚಹಾ ಕೊಟ್ಟು ಕಳಿಸಿದರು. ನಿಜವಾದ ಕಾರಣವನ್ನು ಬಂದವರಿಗೆಲ್ಲ ಹೇಳುವುದು ಅವರಿಗೆ ಇಷ್ಟವಿಲ್ಲ. ಅದು ಅವರ ಪೂರ್ವಿಕರಿಗೆ ಕೀರ್ತಿ ತರುವ ಕತೆಯಲ್ಲ.

ಹಿಂದೆ ಒಮ್ಮೆ ಕಡಲಾಚೆಯಿಂದ ಬಂದ ನಾರ್ಮನ್ನರು ಈ ದೇಶವನ್ನು ಗೆದ್ದುಕೊಂಡರು. ಗೆದ್ದವರು ದಂಡು ಕಟ್ಟಿಕೊಂಡು ಬಂದಾಗ ಜನ ಬಗ್ಗಿ ನಮಸ್ಕರಿಸುತ್ತಿದ್ದರು. ಒಬ್ಬೊಬ್ಬರೇ ಕಾಡುದಾರಿಯಲ್ಲಿ ಸಿಕ್ಕರೆ ಮುಗಿಸಿಬಿಡುತ್ತಿದ್ದರು. ಅದನ್ನು ತಡೆಯಲು ರಾಜರು ಒಂದು ಕಾಯಿದೆ ತಂದರು. ಊರಿನ ಎಲ್ಲೆಯೊಳಗೆ ಗುರುತು ಸಿಗದ ಹೆಣ ಬಿದ್ದಿದ್ದರೆ ಅದು ನಾರ್ಮನ್ನನದೇ ಎಂದು ಲೆಕ್ಕ, ಊರೆಲ್ಲ ಸೇರಿ ದಂಡ ತೆರಬೇಕು. ಸತ್ತವನ ರಕ್ತಸಂಬಂಧಿಗಳು ಮುಂದೆ ಬಂದು 'ಇವನು ನಮ್ಮವನು, ಇಂಗ್ಲಿಷನು' ಎಂದು ಪ್ರಮಾಣ ಮಾಡಿದರೆ ಮಾತ್ರ ಮಾಫಿ. ಕಾಲ ಸರಿದು, ಗೆದ್ದವರೂ ಸೋತವರೂ ಹೆಣ್ಣು ಕೊಟ್ಟು ತಂದು ಬೆರೆತುಹೋದರು. ಯಾರು ನಾರ್ಮನ್, ಯಾರು ಅಲ್ಲ ಎಂದು ಹೇಳಲು ಅವರವರ ಅಜ್ಜಿಯರಿಗೂ ಆಗದ ಹಾಗಾಯಿತು. ಕಾಯಿದೆ ಮಾತ್ರ ಕದಲಲಿಲ್ಲ. ಬೊಕ್ಕಸ ತುಂಬಿಸುವ ಕಾಯಿದೆಯನ್ನು ತಾನಾಗಿ ಕೈಬಿಟ್ಟ ದೊರೆ ಯಾವ ದೇಶದಲ್ಲಿದ್ದಾನೆ?

ಜನರೇನು ಕಡಿಮೆಯವರೇ? ಗುರುತಿಲ್ಲದ ಹೆಣ ಕಂಡರೆ ಸದ್ದಿಲ್ಲದೆ ಎತ್ತಿ ಪಕ್ಕದ ಊರಿನ ಎಲ್ಲೆಯೊಳಗೆ ಹಾಕಿ ಬರುವುದನ್ನು ಕಲಿತರು. ಆದರೆ ಅದರಲ್ಲೂ ಒಂದು ತೊಡಕಿತ್ತು. ಸಾವಿನ ವಿಚಾರಣೆಗೆ ರಾಜನ ಕಡೆಯಿಂದ ಕರೋನರ್ ಎಂಬ ಅಧಿಕಾರಿ ಬರುತ್ತಿದ್ದ. ಅವನು ಸುತ್ತಲಿನ ಊರವರನ್ನೆಲ್ಲ ಚರ್ಚಿಗೆ ಕರೆಸಿ, ಸಂತನೊಬ್ಬನ ಮೂಳೆಯಿಟ್ಟ ಬೆಳ್ಳಿಪೆಟ್ಟಿಗೆಯ ಮೇಲೆ ಅವರ ಕೈಯಿರಿಸಿ, 'ಸತ್ತವನ ಮುಖ ಕಂಡದ್ದುಂಟೇ?' ಎಂದು ಕೇಳುತ್ತಿದ್ದ. ಆ ಜನಕ್ಕೆ ದಂಡದ ಭಯಕ್ಕಿಂತ ಸುಳ್ಳು ಪ್ರಮಾಣದ ಭಯ ದೊಡ್ಡದು. ಹೆಣ ಸಾಗಿಸುವುದಕ್ಕೆ ನರಕವಾಗುತ್ತದೆಂದು ಪಾದ್ರಿ ಎಂದೂ ಹೇಳಿರಲಿಲ್ಲ. ಮೂಳೆ ಮುಟ್ಟಿ ಸುಳ್ಳು ಹೇಳಿದರೆ ನರಕ ಖಂಡಿತ ಎಂದು ಪ್ರತಿ ಭಾನುವಾರ ಹೇಳುತ್ತಿದ್ದ. ಆದ್ದರಿಂದ ಆಲ್ಡ್‌ಹೋಮಿನವರು ಒಂದು ಪದ್ಧತಿ ಮಾಡಿಕೊಂಡರು. ಬಿದ್ದವನನ್ನು ಹಿಂದಿನಿಂದ ಸಮೀಪಿಸಿ, ಕಣ್ಣು ಬೇರೆ ಕಡೆ ಹೊರಳಿಸಿ, ತಲೆಗೆ ಹಿಟ್ಟಿನ ಚೀಲ ಹಾಕಿ ಕತ್ತಿನ ಬಳಿ ಗಂಟು ಬಿಗಿಯುವುದು. ಆಮೇಲೆ ಎತ್ತುವುದು. ಮನೆಗೊಬ್ಬರು ಕೈ ಹಾಕಲೇಬೇಕು, ಎಲ್ಲರ ಕೈಯೂ ಸೇರಿದ್ದರೆ ಯಾರ ಬಾಯೂ ತೆರೆಯುವುದಿಲ್ಲ. ಕ್ರೇವಿಕ್ಕಿನವರೂ ಇದನ್ನೇ ಮಾಡುತ್ತಿದ್ದರು. ಮುಖ ನೋಡದೆ ಮಾಡಿದ ಕೆಲಸಕ್ಕೆ ದೇವರ ಮುಂದೆ ಉತ್ತರ ಹೇಳಬೇಕಾಗಿಲ್ಲ ಎಂದು ಎರಡೂ ಊರಿನವರು ಮನಸಾರೆ ನಂಬಿದ್ದರು.

ಆಲ್ಡ್‌ಹೋಮಿನ ಕೊನೆಯ ಮನೆ, ಗುಡ್ಡದ ಬುಡಕ್ಕೆ ಅಂಟಿಕೊಂಡದ್ದು, ಹಾವೀಸ್ ಎಂಬ ವಿಧವೆಯದು. ಅವಳಿಗೆ ಒಬ್ಬನೇ ಮಗ, ಹಾಮೋ. ಇನ್ನೂ ಮೀಸೆ ಚಿಗುರದ ವಯಸ್ಸಿನಲ್ಲಿ ಅವನನ್ನು ಜಮೀನ್ದಾರರ ಕಡೆಯವರು ಸ್ಕಾಟರ ಮೇಲಿನ ಯುದ್ಧಕ್ಕೆ ಹಿಡಿದುಕೊಂಡು ಹೋಗಿದ್ದರು. ಹೋದವನ ಸುದ್ದಿಯಿಲ್ಲದೆ ಹಲವು ಸುಗ್ಗಿಗಳು ಕಳೆದಿದ್ದವು. ಊರವರು ಅವನ ಮಾತೆತ್ತುವಾಗ ದನಿ ತಗ್ಗಿಸತೊಡಗಿದ್ದರು. ಅದನ್ನು ಕಂಡರೆ ಹಾವೀಸಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಉತ್ತು ಬಿತ್ತಿದ್ದ ಹೊಲದ ಪಟ್ಟಿಯನ್ನು ಮಗ ಬರುವವರೆಗೆ ತನ್ನ ಹೆಸರಿನಲ್ಲೇ ಬಿಡಬೇಕೆಂದು ಅವಳು ಜಮೀನ್ದಾರರ ಪಾರುಪತ್ಯಗಾರನ ಕಾಲು ಹಿಡಿದಿದ್ದಳು. ಅವನು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಊರಿನ ಯಾವ ವಂತಿಗೆಯಲ್ಲೂ, ಯಾವ ದಂಡದಲ್ಲೂ ಅವಳ ಪಾಲು ತಪ್ಪಬಾರದು. ಒಮ್ಮೆ ತಪ್ಪಿದರೂ ಹೊಲ ಬೇರೆಯವರಿಗೆ. ಹಿಂದಿನ ಚಳಿಗಾಲದಲ್ಲಿ ಊರ ಬಾವಿಯ ಹತ್ತಿರವೇ ಯಾವನೋ ಅಲೆಮಾರಿ ವ್ಯಾಪಾರಿ ಸತ್ತು ಬಿದ್ದು, ಸಾಗಿಸುವ ಮೊದಲೇ ಕರೋನರನ ಕಣ್ಣಿಗೆ ಬಿದ್ದು ದಂಡವಾಗಿತ್ತು. ಹಾವೀಸಳ ಎತ್ತು ಅದಕ್ಕೇ ಹೋಯಿತು. ಇನ್ನೊಂದು ದಂಡ ಬಿದ್ದರೆ ಕೊಡಲು ಅವಳ ಬಳಿ ಏನೂ ಉಳಿದಿರಲಿಲ್ಲ. ಹೊಲ ಹೋದರೆ ಹಾಮೋ ಬಂದು ನಿಲ್ಲುವುದೆಲ್ಲಿ, ಉಣ್ಣುವುದೇನು ಎಂಬ ಒಂದೇ ಯೋಚನೆಯಲ್ಲಿ ಅವಳು ಏಳುತ್ತಿದ್ದಳು, ಮಲಗುತ್ತಿದ್ದಳು.

ಮಾಗಿಯ ಒಂದು ಬೆಳಿಗ್ಗೆ, ಎದುರಿಗಿದ್ದವರು ಕಾಣದಷ್ಟು ಮಂಜು ಸುರಿಯುತ್ತಿರುವಾಗ, ಥರ್ಸ್ಟನ್ ಅವಳ ಬಾಗಿಲು ಬಡಿದ. ನಮ್ಮಲ್ಲಿ ಊರಗೌಡ ಇದ್ದ ಹಾಗೆ ಆಲ್ಡ್‌ಹೋಮಿಗೆ ಅವನು. ಕೆಟ್ಟವನಲ್ಲ, ಊರು ಉಳಿದರೆ ಸಾಕು ಎನ್ನುವವನು.

"ಗಡಿಕಲ್ಲಿನ ಹತ್ತಿರ ಒಬ್ಬ ಬೋರಲು ಬಿದ್ದಿದ್ದಾನೆ. ನಮ್ಮ ಕಡೆಗೇ," ಎಂದ. "ಚೀಲ ಹಾಕಿ ಆಯ್ತು. ಕರೋನರ್ ಪಕ್ಕದ ಪೇಟೆಯಲ್ಲೇ ಬೀಡುಬಿಟ್ಟಿದ್ದಾನಂತೆ. ಮಂಜು ಕರಗೋದರೊಳಗೆ ದಾಟಿಸಿಬಿಡಬೇಕು. ನಿಮ್ಮನೆಯಿಂದ ನೀನೇ ಬರಬೇಕಲ್ಲ."

ಹಾವೀಸ್ ಹೊದಿಕೆ ಎಳೆದುಕೊಂಡು ಹೊರಟಳು. ಮೇಲೆ ಮಂಜಿನೊಳಗೆ ಜನ ಕಾದು ನಿಂತಿದ್ದರು. ಬಿದ್ದವನು ಎಲುಬಿನ ಗೂಡು, ಮೈಮೇಲೆ ಯಾರದೋ ಹರಿದ ಸಿಪಾಯಿ ಅಂಗಿ, ಕಾಲಿಗೆ ಸುತ್ತಿದ ಚಿಂದಿ. ಚೀಲದ ಕೆಳಗೆ ಗಡ್ಡದ ತುದಿ ಕಾಣುತ್ತಿತ್ತು. ಉಸಿರಿದೆಯೇ ಎಂದು ಯಾರೂ ನೋಡಲಿಲ್ಲ, ನೋಡಬೇಕಾದರೆ ಮೂಗಿನ ಹತ್ತಿರ ಕೈ ಒಯ್ಯಬೇಕು, ಕೈ ಒಯ್ದರೆ ಕಣ್ಣೂ ಹೋಗುತ್ತದೆ. ಹಾವೀಸಳ ಪಾಲಿಗೆ ಕಾಲುಗಳು ಬಂದವು. ಎಲ್ಲರೂ ಎತ್ತಿ, ಕಲ್ಲು ದಾಟಿ, ಕ್ರೇವಿಕ್ಕಿನ ಇಳಿಜಾರಿನಲ್ಲಿ ಒಂದು ಮುಳ್ಳುಪೊದೆಯ ಮರೆಗೆ ಅವನನ್ನು ಇಳಿಸಿ ಬಂದರು. ಬರುವಾಗ ಅವಳು ಮೆಲ್ಲಗೆ ಸತ್ತವರ ಪ್ರಾರ್ಥನೆ ಹೇಳಿಕೊಂಡಳು. ಇವನಿಗೂ ಎಲ್ಲೋ ಒಬ್ಬ ತಾಯಿ ಇರಬಹುದು ಎಂದು ಅನ್ನಿಸದೆ ಇರಲಿಲ್ಲ. ಆ ತಾಯಿಗೆ ಇರುವಂತೆ ತನಗೂ ಒಬ್ಬ ಮಗನಿದ್ದಾನೆ, ಅವನಿಗೆ ಹೊಲ ಬೇಕು ಎಂದುಕೊಂಡು ಮನಸ್ಸನ್ನು ಕಲ್ಲು ಮಾಡಿಕೊಂಡಳು.

ಮಾರನೆಯ ಬೆಳಿಗ್ಗೆ ಥರ್ಸ್ಟನ್ ಮತ್ತೆ ಬಾಗಿಲಲ್ಲಿ ನಿಂತಿದ್ದ. ಕ್ರೇವಿಕ್ಕಿನವರು ಆ ಬಿದ್ದವನನ್ನು ತಂದು ಅದೇ ಜಾಗದಲ್ಲಿ, ಅದೇ ಚೀಲದ ಸಮೇತ, ಅದೇ ಗಂಟಿನಲ್ಲಿ ಮಲಗಿಸಿ ಹೋಗಿದ್ದರು. ಮಂಜು ಇನ್ನೂ ಕರಗಿರಲಿಲ್ಲವಾದರೂ ತೆಳುವಾಗತೊಡಗಿತ್ತು. ಪೇಟೆಯ ಕಡೆಯಿಂದ ಕುದುರೆಗಳ ಸದ್ದು ಕೇಳಿತೆಂದು ಯಾರೋ ಅಂದರು. ಎಲ್ಲರೂ ಅವಸರದಿಂದ ಬಗ್ಗಿದರು. ಹಾವೀಸ್ ಮತ್ತೆ ಕಾಲು ಹಿಡಿದಳು. ಚಿಂದಿ ಸಡಿಲವಾಗಿ ಅವಳ ಅಂಗೈ ಹಿಮ್ಮಡಿಯ ಮೇಲಿನ ಬರಿಯ ಚರ್ಮಕ್ಕೆ ತಗುಲಿತು. ಅವಳು ಅಲ್ಲೇ ನಿಂತುಬಿಟ್ಟಳು.

"ಥರ್ಸ್ಟನ್, ಕಾಲು ಬೆಚ್ಚಗಿದೆ," ಎಂದಳು.

ಥರ್ಸ್ಟನ್ ಅವಳ ಕಡೆ ತಿರುಗದೆಯೇ ಹೇಳಿದ, "ನಿನ್ನ ಕೈಯ ಬಿಸಿ ಅದು. ನಡಿ."

"ನನ್ನ ಕೈ ಮರಗಟ್ಟಿಹೋಗಿದೆ. ಬೆಚ್ಚಗಿರೋದು ಇವನೇ."

"ಇದ್ದರೂ ಸಂಜೆಯವರೆಗೆ ಇರ್ತಾನಾ? ನಿನ್ನ ಮನೆಗೆ ಒಯ್ತೀಯಾ? ನಿನ್ನ ಮನೆಯಲ್ಲಿ ಪ್ರಾಣ ಬಿಟ್ಟರೆ ಯಾರವನು ಅಂತ ಹೇಳ್ತೀಯಾ?" ಎಂದ ಥರ್ಸ್ಟನ್. ಆಮೇಲೆ ದನಿ ತಗ್ಗಿಸಿ, ಮಾತಿನಲ್ಲಿ ಕನಿಕರ ತುಂಬಿಕೊಂಡು, "ನಿನ್ನ ಹಾಮೋನ ಹೊಲ ನೆನಪಿಟ್ಟುಕೋ ತಾಯಿ," ಎಂದ.

ಅವಳು ನೆನಪಿಟ್ಟುಕೊಂಡಳು. ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಉಳಿದವರ ಜೊತೆ ಹೆಜ್ಜೆ ಹಾಕಿದಳು. ಪೊದೆಯವರೆಗೆ ಹೋಗಲು ಧೈರ್ಯ ಸಾಲದೆ ಕಲ್ಲಿನ ಆಚೆಗೆ ಸ್ವಲ್ಪ ದೂರದಲ್ಲೇ ಇಳಿಸಿ ಎಲ್ಲರೂ ದಿಕ್ಕಿಗೊಬ್ಬರಂತೆ ಚದುರಿದರು. ಹಾವೀಸ್ ಮನೆಗೆ ಬಂದು ಒಲೆ ಹೊತ್ತಿಸಿದಳು, ಗಂಜಿಗೆ ನೀರಿಟ್ಟಳು, ಆರಿಸಿದಳು, ಮತ್ತೆ ಹೊತ್ತಿಸಿದಳು. ಅಂಗೈಯ ಬಿಸಿ ಆರಲೊಲ್ಲದು. ನೀರಲ್ಲಿ ಅದ್ದಿದಳು, ಹೊದಿಕೆಗೆ ಒರೆಸಿದಳು. ಬದುಕಿರುವವನನ್ನು ಹೆಣದ ಹಾಗೆ ಹೊತ್ತು ಹಾಕಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಥರ್ಸ್ಟನ್ನನಿಗೂ ಗೊತ್ತಿತ್ತು, ಸುತ್ತ ನಿಂತವರಿಗೂ ಗೊತ್ತಿತ್ತು. ಕೊನೆಗೆ ಮಧ್ಯಾಹ್ನದ ಹೊತ್ತಿಗೆ, ಮಂಜು ಕರಗಿ ಗುಡ್ಡ ಪೂರ್ತಿ ಬಟಾಬಯಲಾಗಿ ಕಾಣುವಾಗ, ಎರಡೂ ಊರಿನವರು ನೋಡಿದರೆ ನೋಡಲಿ ಎಂದು ಒಂದು ಕುಡಿಕೆಯಲ್ಲಿ ಬಿಸಿಹಾಲು ಹಿಡಿದು ಅವಳು ಗುಡ್ಡ ಹತ್ತಿದಳು. ಹೊಲ ಹೋದರೆ ಹೋಗಲಿ, ಹಾಮೋ ಬಂದಾಗ ಹೇಳಿದರಾಯಿತು, ಅವನು ತಪ್ಪು ತಿಳಿಯುವ ಹುಡುಗನಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಬಿದ್ದವನು ಅವರು ಇಳಿಸಿದ್ದ ಜಾಗದಲ್ಲಿರಲಿಲ್ಲ. ತೆವಳಿಕೊಂಡು ಬಂದು ಗಡಿಕಲ್ಲಿಗೆ ಒರಗಿದ್ದ, ಆಲ್ಡ್‌ಹೋಮಿನ ಕಡೆಗೆ ತಲೆ ಮಾಡಿ. ಕತ್ತಿನ ಗಂಟನ್ನು ಬಿಚ್ಚಲು ಹೋಗಿ ಉಗುರುಗಳು ಮುರಿದಿದ್ದವು. ಹಾವೀಸ್ ಮೊಣಕಾಲೂರಿ ಕೂತು ಹಲ್ಲಿನಿಂದ ಗಂಟು ಕಚ್ಚಿ ಬಿಡಿಸಿ ಚೀಲ ಎಳೆದಳು. ಗಡ್ಡ ಬೆಳೆದಿತ್ತು, ಕೆನ್ನೆ ಗುಳಿ ಬಿದ್ದಿತ್ತು, ಹುಬ್ಬಿನ ಮೇಲೆ ಅವಳು ಎಂದೂ ಕಾಣದ ಗಾಯದ ಗುರುತಿತ್ತು. ಇಷ್ಟಿದ್ದೂ ಅವಳಿಗೆ ಗುರುತು ಸಿಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಹೆತ್ತವಳಿಗೆ ಮುಖ ಸಾಕು.

ಹಾಮೋ ಕಣ್ಣು ತೆರೆದ. ತುಟಿಗಿಟ್ಟ ಹಾಲು ಗಡ್ಡದ ಮೇಲೆ ಹರಿಯಿತು.

"ನಿನ್ನ ದನಿ ಕೇಳಿಸಿತ್ತಮ್ಮ," ಎಂದ. ಮಾತಿನಲ್ಲಿ ದೂರು ಇರಲಿಲ್ಲ. "ಕಾಲು ಹಿಡಿದೆಯಲ್ಲ, ಆವಾಗ. ಮನೆಗೆ ಕರ್ಕೊಂಡು ಹೋಗ್ತಿದ್ದೀಯ ಅಂದ್ಕೊಂಡೆ."

ಅವನು ಅವಳ ಮಡಿಲಲ್ಲೇ ಪ್ರಾಣ ಬಿಟ್ಟ. ಆಗ ಹಾವೀಸ್ ಕೂಗಿದ ಕೂಗು ಗುಡ್ಡದ ಎರಡೂ ಮಗ್ಗುಲಿಗೆ ಕೇಳಿತು ಎನ್ನುತ್ತಾರೆ. ಎರಡೂ ಊರಿನಿಂದ ಜನ ಓಡಿ ಬಂದರು, ಬಂದವರು ದೂರದಲ್ಲೇ ತಲೆ ತಗ್ಗಿಸಿ ನಿಂತರು. ಸಂಜೆಗೆ ಕರೋನರನೂ ಬಂದ. ಅವನು ಮೂಳೆಯ ಪೆಟ್ಟಿಗೆ ತರಿಸಿ, ಇವನನ್ನು ಬಲ್ಲವರುಂಟೇ ಎಂದು ಕೇಳಿದಾಗ, ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು, ಇವನು ಇಂಗ್ಲಿಷನು, ಆಲ್ಡ್‌ಹೋಮಿನವನು, ನಾನು ಹೆತ್ತವನು ಎಂದಳು. ಕಾಯಿದೆಯ ಪ್ರಕಾರ ಅಷ್ಟು ಸಾಕಾಯಿತು. ದಂಡ ಬೀಳಲಿಲ್ಲ. ಮೊದಲ ದಿನವೇ ಯಾರಾದರೂ ಒಬ್ಬರು ಆ ಚೀಲ ಸರಿಸಿದ್ದರೂ ಬೀಳುತ್ತಿರಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಹೊಳೆಯಿತು. ಥರ್ಸ್ಟನ್ ಏನೋ ಸಮಾಧಾನ ಹೇಳಲು ಬಂದ. ಅವಳು ಅವನನ್ನು ತಡೆದು, ಕತ್ತು ಬಗ್ಗಿಸಿ ನಿಂತವರನ್ನು ಒಬ್ಬೊಬ್ಬರಾಗಿ ಕರೆದಳು. ಬೇರೇನೂ ಹೇಳಲಿಲ್ಲ, "ನೋಡಿ," ಎಂದಳು ಅಷ್ಟೆ. ಎರಡೂ ಊರಿನವರು ಸಾಲಾಗಿ ಬಂದು, ಬಗ್ಗಿ, ಹಾಮೋನ ಮುಖ ನೋಡಿ ಹೋದರು. ಹೊಲವನ್ನು ಅವಳು ಆ ವಾರವೇ ಪಾರುಪತ್ಯಗಾರನಿಗೆ ಬಿಟ್ಟುಕೊಟ್ಟಳು. ಅದನ್ನು ಉಳುವವರು ಯಾರೂ ಇರಲಿಲ್ಲ.

ಆ ಕಾಯಿದೆ ಹೋಗಿ ಎಷ್ಟೋ ಶತಮಾನಗಳಾದವು. ಈಗ ಬೇಸಿಗೆಯಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡ ಚಾರಣಿಗರು ಆ ದಾರಿಯಲ್ಲಿ ಹೋಗುತ್ತಾರೆ. ಗುಡ್ಡದ ಮೇಲೆ ಎದುರಾಗುವ ಊರವರು ಅವರನ್ನು ಸುಮ್ಮನೆ ಹಾದುಹೋಗಲು ಬಿಡುವುದಿಲ್ಲ. ಕುರಿ ಕಾಯುವವನಿರಲಿ, ಅಂಚೆಯವಳಿರಲಿ, ಎದುರಿಗೆ ನಿಂತು, ಟೋಪಿ ಇದ್ದರೆ ತೆಗೆದು, ಬಂದವರ ಮುಖವನ್ನು ನೆಟ್ಟ ನೋಟದಿಂದ ನೋಡುತ್ತಾರೆ. ಗೊತ್ತಿಲ್ಲದವರಿಗೆ ಕಸಿವಿಸಿಯಾಗುತ್ತದೆ, ಕೆಲವರಿಗೆ ಸಿಟ್ಟೂ ಬರುತ್ತದೆ. ಚೆನ್ನಾಗಿ ನೋಡಿದ ಮೇಲೆಯೇ ಅವರು ದಾರಿ ಬಿಡುವುದು, ಬಿಡುವ ಮೊದಲು ತಪ್ಪದೆ ಒಂದು ಮಾತು ಕೇಳುವುದು: ಯಾರ ಮಗ ನೀನು?