ನಿಂಬೆಯ ಘಮ ಸಂಜೆವರೆಗೆ ಯಾಕೆ ನಿಲ್ಲುವುದಿಲ್ಲ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟವನ್ನು ಮುಟ್ಟಿದರೆ ಕೈಗೆ ಮಣ್ಣು ಮೆತ್ತುತ್ತಿತ್ತು. ಸೂರ್ಯ ಎಷ್ಟು ಎತ್ತರದಲ್ಲಿರಬೇಕು ಅಂತ ಅವನಿಗೇ ತಿಳಿದಿರಲಿಲ್ಲ. ಬೇಸಿಗೆ ಬಂತೆಂದರೆ ತಲೆಗೆ ತಾಗುವಷ್ಟು ಕೆಳಗೆ ಇಳಿದುಬಿಡುತ್ತಿದ್ದ.

ಬೆಂಕಿ ಇನ್ನೂ ಹುಟ್ಟಿರಲಿಲ್ಲ. ಹೊತ್ತು ಇಳಿದರೆ ಯಾರ ಮುಖವೂ ಯಾರಿಗೂ ಕಾಣದು. ದನಿಯನ್ನಾದರೂ ನಂಬೋಣವೆಂದರೆ, ಗಾಳಿಗೆ ಎಲ್ಲರ ದನಿಯನ್ನೂ ಅಣಕಿಸುವ ಚಟ. ಅದಕ್ಕೇ ಜನ ಒಂದು ಪದ್ಧತಿ ಮಾಡಿಕೊಂಡಿದ್ದರು. ಸಂಜೆ ಮನೆಗೆ ಬಂದವರು ಬಾಗಿಲ ತಟ್ಟಿಯ ಸಂದಿಯಲ್ಲಿ ಕೈ ತೂರಿಸಬೇಕು. ಒಳಗಿದ್ದವರು "ಕೈ ಕೊಡು" ಅನ್ನುವರು, ಮಣಿಕಟ್ಟನ್ನು ಮೂಸಿ ನೋಡುವರು. ನಮ್ಮವರೇ ಹೌದು ಎಂದಾದರೆ ತಟ್ಟಿ ಸರಿಯುವುದು.

ಆ ಊರಲ್ಲಿ ಮಾಚ ಅಂತ ಒಬ್ಬನಿದ್ದ. ಲೋಕದ ಮೊದಲನೇ ಕೆರೆಯನ್ನು ತೋಡುತ್ತಿದ್ದವರಲ್ಲಿ ಅವನೂ ಒಬ್ಬ. ಅಗೆಯುವ ಕೆಲಸ, ಅದೂ ಬೇಸಿಗೆಯಲ್ಲಿ. ಹಣೆಯಲ್ಲಿ ಹೊರಟ ಬೆವರು ಹಿಮ್ಮಡಿಯವರೆಗೆ ಹರಿಯುತ್ತಿತ್ತು. ಸಂಜೆ ಅವನು ಕೈ ತೂರಿಸುವ ಮೊದಲೇ ಹೆಂಡತಿ ದ್ಯಾವಿ ಒಳಗಿನಿಂದ ನಗುತ್ತಿದ್ದಳು.

"ಬಂದಿದ್ದು ನೀನೋ, ಕೋಣವೋ? ಕೈ ಬೇಡ ಮಾರಾಯ, ಇಲ್ಲಿವರೆಗೂ ಬಡೀತಾ ಇದೆ."

ಪುಟ್ಟ ಮಗಳು ಕೆಂಚಿಗೆ ಮಾತ್ರ ಆ ವಾಸನೆಯೇ ಬೇಕು. ಅಪ್ಪನ ಹೆಗಲಿಗೆ ಮೂಗು ಒತ್ತಿಕೊಂಡರೇ ಅವಳಿಗೆ ನಿದ್ದೆ. ಆದರೆ ಮಾಚನ ಮನಸ್ಸಿನಲ್ಲಿ ಉಳಿದದ್ದು ಕೋಣದ ಮಾತು.

ಕೆರೆಯ ದಾರಿಯಲ್ಲಿ ಒಂದು ನಿಂಬೆಗಿಡ. ಒಬ್ಬ ಆಳಿನಷ್ಟೇ ಎತ್ತರ. ಆಗ ಅದಕ್ಕೆ ಮುಳ್ಳಿರಲಿಲ್ಲ. ಅದರ ಘಮ ಹಣ್ಣಿನ ಸಿಪ್ಪೆಯಲ್ಲಿ ಅಡಗಿರಲಿಲ್ಲ, ನೆನೆದ ತೆಳು ಬಟ್ಟೆಯ ಹಾಗೆ ಗಿಡದ ಸುತ್ತ ತಣ್ಣಗೆ ತೂಗುತ್ತಿತ್ತು. ಒಂದು ಬೆಳಿಗ್ಗೆ ಗಿಡ ಮಾಚನನ್ನು ನಿಲ್ಲಿಸಿ, ಯಾಕೆ ಮುಖ ಸಣ್ಣದು ಮಾಡಿಕೊಂಡಿದ್ದೀಯ ಅಂತ ಕೇಳಿತು. ಮಾಚ ಕೋಣದ ವಿಷಯ ಹೇಳಿದ.

"ನನ್ನ ಘಮ ಹಾಕ್ಕೊಂಡು ನೋಡು," ಅಂದಿತು ಗಿಡ. "ಒಂದು ಹಗಲು. ಹಿಡಿಸದಿದ್ದರೆ ಸಂಜೆ ವಾಪಸ್ ಕೊಡು."

"ಅಲ್ಲಿವರೆಗೆ ನೀನು?"

"ನಿನ್ನದನ್ನು ನಾನು ಇಟ್ಟುಕೊಂಡಿರ್ತೀನಿ. ಬರೀ ಮೈಯಲ್ಲಿ ನಿಲ್ಲೋಕೆ ನಾಚಿಕೆ."

ಮಾಚನಿಗೆ ಅದು ಸರಿ ಅನ್ನಿಸಿತು. ಮಣಿಕಟ್ಟನ್ನು ಕೊಂಬೆಗೆ ಉಜ್ಜಿದ. ಕೊಂಬೆ ಆ ಕೈಯನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದಿತ್ತು.

"ಒಳಗಿನಿಂದ 'ಕೈ ಕೊಡು' ಅಂತಾರಲ್ಲ," ಗಿಡ ಮೆಲ್ಲಗೆ ಕೇಳಿತು, "ಆಗ ಹೇಗನ್ನಿಸುತ್ತೆ?"

ಗಿಡಕ್ಕೆ ಅದೆಲ್ಲ ಯಾಕೆ ಅಂತ ಮಾಚನಿಗೆ ಹೊಳೆಯಲೇ ಇಲ್ಲ. ಆಗಲೇ ಅವನ ಮೈ ಹಗುರಾಗಿತ್ತು. ಬಿಸಿಲು ಮೈಗೆ ತಾಗದೆ ಜಾರಿಹೋಗುತ್ತಿತ್ತು. ಅಷ್ಟು ಅಗೆದರೂ ಒಂದು ಹನಿ ಬೆವರಿಲ್ಲ. ಜೊತೆಯವರೆಲ್ಲ ಕೆಲಸ ಬಿಟ್ಟು ಹತ್ತಿರ ಬಂದು ಉಸಿರೆಳೆದುಕೊಂಡರು. ಮದುವೆಗೆ ಹೊರಟೆಯೇನೋ ಅಂತ ಒಬ್ಬ ರೇಗಿಸಿದ. ಮಾಚ ಎದೆಯುಬ್ಬಿಸಿ ನಡೆದ.

ನೆತ್ತಿಗೆ ಬಿಸಿಲೇರಿದಾಗ ಅದೇ ಗೆಳೆಯ ಅವನನ್ನು ದಿಟ್ಟಿಸಿ, ನೀನು ಯಾರ ಮನೆಯವನು ಅಂತ ಕೇಳಿದ. ತಮಾಷೆ ಅಂದುಕೊಂಡು ಮಾಚ ನಕ್ಕ. ಗೆಳೆಯ ನಗಲಿಲ್ಲ. ದಿನವೂ ಹಿಂದೆ ಬರುವ ನಾಯಿ ಅವನ ಕೈ ಮೂಸಿ, ಬೆನ್ನು ತಿರುಗಿಸಿ ಮಲಗಿತು. ನಾಯಿಗೆ ತಮಾಷೆ ಬರುವುದಿಲ್ಲ.

ವಾಸನೆಯ ಜೊತೆ ತನ್ನ ಗುರುತೂ ಕೈಬಿಟ್ಟಿದೆ ಅಂತ ಮಾಚನಿಗೆ ಆಗ ತಿಳಿಯಿತು. ಹೊತ್ತು ಇಳಿಯುತ್ತಲೇ ಘಮವನ್ನು ವಾಪಸ್ ಕೊಡಲು ಓಡಿದ.

ಗಿಡ ಅಲ್ಲಿರಲಿಲ್ಲ.

ಗಿಡವಿದ್ದ ಜಾಗದಲ್ಲಿ ಒಂದು ಗುಂಡಿ, ಸುತ್ತ ಹಸಿ ಮಣ್ಣು. ಗುಂಡಿಯಿಂದ ಏನೋ ಎಳೆದುಕೊಂಡು ಹೋದ ಗುರುತು ನೇರವಾಗಿ ಊರಿನ ಕಡೆಗಿತ್ತು. ಊರೊಳಗೆ, ಅವನ ಮನೆಯ ಕಡೆಗಿತ್ತು.

ಮಾಚ ತಟ್ಟಿಯ ಸಂದಿಯಲ್ಲಿ ಕೈ ತೂರಿಸಿದ.

"ಕೈ ಕೊಡು," ಅಂದಳು ದ್ಯಾವಿ. ಮೂಸಿದಳು. ಕೈ ಬಿಟ್ಟುಬಿಟ್ಟಳು. "ಯಾರು ನೀನು? ನಮ್ಮೋನು ಆಗಲೇ ಬಂದಾಯ್ತು."

"ದ್ಯಾವಿ, ನಾನೇ ಕಣೇ. ಮಾಚ."

"ಗಾಳೀ, ಹೋಗತ್ಲಾಗೆ. ದಿನಾ ಇದೇ ಆಯ್ತು ನಿಂದು."

"ಈ ಸಲ ನಾನಲ್ಲ," ಅಂದಿತು ಮಾಚನ ಪಕ್ಕದಲ್ಲೇ ನಿಂತಿದ್ದ ಗಾಳಿ. ಆದರೆ ಗಾಳಿಯ ಮಾತನ್ನು ಯಾರು ನಂಬುತ್ತಾರೆ?

ಮಾಚ ಸಂದಿಯಲ್ಲಿ ಕಣ್ಣಿಟ್ಟ. ಒಳಗೆ ಬೆರಳಷ್ಟು ಬೆಳಕು ಉಳಿದಿತ್ತು. ನೀರಿನ ಮಡಕೆಯ ಪಕ್ಕ, ಒದ್ದೆ ನೆಲದ ಮೇಲೆ, ಅವನಷ್ಟೇ ಎತ್ತರದ ಏನೋ ನಿಂತಿತ್ತು. ಅದರ ತೋಳಿನಲ್ಲಿ ಕೆಂಚಿ.

"ಅಪ್ಪಾ, ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ?"

ಎಲೆಗೆ ಎಲೆ ಸವರಿದ ಸದ್ದು. ಅದರ ಕಾಲ್ಬೆರಳುಗಳು ಒಂದೊಂದಾಗಿ ನೆಲದೊಳಗೆ ಇಳಿಯುತ್ತಿದ್ದವು.

"ಕತ್ತಲು ತುಂಬುವುದರೊಳಗೆ ಅದು ಬೇರು ಬಿಡುತ್ತೆ," ಗಾಳಿ ಪಿಸುಗುಟ್ಟಿತು. "ಆಮೇಲೆ ಯಾರು ಕಿತ್ತರೂ ಬರೋದಿಲ್ಲ. ಅದೇ ಅವಳಪ್ಪ."

ಮಾಚನಿಗೆ ಬರುತ್ತಿದ್ದದ್ದು ಒಂದೇ ಕೆಲಸ. ಮನೆಯ ಹಿಂದಕ್ಕೆ ಓಡಿದ. ಮಡಕೆಯ ನೇರಕ್ಕೆ, ಗೋಡೆಯ ಬುಡದಲ್ಲಿ ಅಗೆಯತೊಡಗಿದ. ಸನಿಕೆಯಿಲ್ಲ, ಬರೀ ಕೈ. ಉಗುರು ಮುರಿಯಿತು. ಅಗೆದ. ಉಸಿರು ಕಟ್ಟಿತು. ಅಗೆದ. ಆಗ ಹಣೆಯಲ್ಲಿ ಒಂದು ಹನಿ ಒಡೆಯಿತು. ಒಂದರ ಹಿಂದೆ ಇನ್ನೊಂದು. ಒಂದೊಂದು ಹನಿ ಒಡೆದಾಗಲೂ ನಿಂಬೆಯ ಘಮ ಒಂದೊಂದು ಎಳೆಯಾಗಿ ಬಿಟ್ಟು, ಮೇಲೆದ್ದು ಹಾರಿಹೋಯಿತು.

ಮಾಚನ ಕೈ ಒಳಗಿನ ನೆಲವನ್ನು ಸೀಳಿಕೊಂಡು ಹೊರಬಂತು. ಜೋತುಬಿದ್ದಿದ್ದ ಒಂದು ಪುಟ್ಟ ಪಾದಕ್ಕೆ ತಾಗಿತು.

ಕೆಂಚಿ ಚೀರಲಿಲ್ಲ. ದಿನವೂ ಕೇಳುತ್ತಿದ್ದ ಮಾತನ್ನೇ ಅಂದಳು. "ಕೈ ಕೊಡು."

ಬಗ್ಗಿ ಮೂಸಿದಳು. ಮತ್ತೆ ತಲೆಯೆತ್ತಿ, ತನ್ನನ್ನು ಎತ್ತಿಕೊಂಡಿದ್ದ ಹೆಗಲನ್ನು ಮೂಸಿದಳು.

"ಅಮ್ಮಾ, ಇಬ್ಬರು ಅಪ್ಪ ಇದ್ದಾರೆ."

ದ್ಯಾವಿ ಕತ್ತಲಲ್ಲಿ ತಡಕುತ್ತಾ ಹತ್ತಿರ ಬಂದಳು. ಸರಿಯಾಗಿ ಮೂಸಿ ನೋಡು ಮಗಾ ಅಂದಳು.

ಕೆಂಚಿ ಕಣ್ಣು ಮುಚ್ಚಿಕೊಂಡು ಮತ್ತೆ ಮೂಸಿದಳು.

"ಇದು ಬೆಳಗಿನ ಅಪ್ಪ," ಅಂದಳು. "ನೆಲದಲ್ಲಿರೋದು ಈಗಿನ ಅಪ್ಪ. ಇವತ್ತು ಅಗೆದಿದ್ದಾನೆ."

ದ್ಯಾವಿ ಮಗಳನ್ನು ಎಳೆದುಕೊಂಡಳು. ಅದು ಬಿಡಲೊಲ್ಲದು. ಅವಳು ಅದರ ತಣ್ಣನೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿದ ಜಾಗದಲ್ಲೆಲ್ಲ ಒಂದೊಂದು ಮುಳ್ಳು ಮೂಡಿತು. ಗಿಡ ಜಗಳವಾಡಲಿಲ್ಲ. ಇದ್ದ ಬೇರನ್ನು ಕಿತ್ತುಕೊಂಡು, ಸರಸರ ಸದ್ದು ಮಾಡುತ್ತಾ ಹೊರಗೆ ಹೋಯಿತು.

ಮಾಚನನ್ನು ಒಳಗೆ ಕರೆದುಕೊಂಡು ದ್ಯಾವಿ ತಟ್ಟಿ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಸಂದಿಯಲ್ಲಿ ಒಂದು ಕೊಂಬೆ ಒಳಗೆ ಬಂತು. ಹಾಗೇ ಕಾಯಿತು. ಒಳಗಿದ್ದ ಯಾರೂ "ಕೈ ಕೊಡು" ಅನ್ನಲಿಲ್ಲ.

ಆಮೇಲೆ ಕೊಂಬೆ ಹಿಂದಕ್ಕೆ ಸರಿಯಿತು.

ಅಂದಿನಿಂದ ನಿಂಬೆಗಿಡದ ಮೈಯೆಲ್ಲ ಮುಳ್ಳು. ಅದು ತನ್ನ ಘಮವನ್ನು ಚೂರು ಚೂರು ಮಾಡಿ, ಹಣ್ಣಿನ ಸಿಪ್ಪೆಯ ಸಣ್ಣ ಸಣ್ಣ ಚುಕ್ಕೆಗಳಲ್ಲಿ ಬಚ್ಚಿಟ್ಟಿತು. ಉಗುರು ತಾಗಿಸಿದರೆ ಹೊರಗೆ ಚಿಮ್ಮುತ್ತದೆ, ಕೈಯನ್ನು ತಂಪು ಮಾಡುತ್ತದೆ, ಆದರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತನ್ನ ಗಿಡ ಇದ್ದಲ್ಲೇ ಇದೆಯೇ ಅಂತ ನೋಡಲು ಓಡಿಹೋಗುತ್ತದೆ.

ಅದಕ್ಕೇ ಕಂದಾ, ಬೇಸಿಗೆಯ ಬೆಳಿಗ್ಗೆ ನಿಮ್ಮಪ್ಪ ಬಾಟಲಿಯಿಂದ ನಿಂಬೆಯ ಸೆಂಟನ್ನು ಮಣಿಕಟ್ಟಿಗೆ ಎಷ್ಟೇ ಹಾಕಿಕೊಂಡು ಹೋದರೂ, ಸಂಜೆ ಬಾಗಿಲು ತಟ್ಟುವ ಹೊತ್ತಿಗೆ ಅದು ಹಾರಿಹೋಗಿ ಬರೀ ಅಪ್ಪನ ವಾಸನೆ ಉಳಿದಿರುತ್ತದೆ. ಒಂದು ವೇಳೆ ಯಾವತ್ತಾದರೂ ಆ ಘಮ ಹಾಗೇ ಇದ್ದರೆ, ಬಾಗಿಲು ತೆಗೆಯುವ ಮೊದಲು ಹಿತ್ತಿಲಿಗೆ ಹೋಗಿ, ನಿಂಬೆಗಿಡ ತನ್ನ ಜಾಗದಲ್ಲಿದೆಯೇ ಅಂತ ಒಂದು ಸಲ ನೋಡಿಕೊಂಡು ಬಾ.