ಮುಚ್ಚಳವಿಲ್ಲದ ಜೇನು

ಕಾಡಿನಂಚಿನಲ್ಲಿ ಹಳೆಯ ಹೊಂಗೆ ಮರವೊಂದಿತ್ತು. ಅದರ ಪೊಟರೆಯಲ್ಲಿ ಜೇನುಹುಳುಗಳು ಗೂಡು ಕಟ್ಟಿದ್ದವು. ಹೂವು ಕಂಡು ಬಂದ ಹುಳು ಗೂಡಿನೊಳಗೆ ಕುಣಿದು ತೋರಿಸಬೇಕು. ಆ ಕುಣಿತ ನೋಡಿಯೇ ಉಳಿದವರು ದಾರಿ ತಿಳಿಯಬೇಕು. ಕುಣಿಯುವವಳಿಗೆ ಮೊದಲು ಉಗ್ರಾಣದಿಂದ ಒಂದು ಹನಿ ಜೇನು ಸಿಗಬೇಕು. ಇಲ್ಲದಿದ್ದರೆ ಕಾಲು ಏಳದು.

ಉಗ್ರಾಣದ ಯಜಮಾನಿ ಕೇಸರಕ್ಕ. ಅವಳ ತಂಗಿ ಚಿಗುರಿಯದೂ ಅಲ್ಲಿಯೇ ಕೆಲಸ. ಜೇನು ಹದವಾದೊಡನೆ ಕೋಣೆಗೆ ಮೇಣದ ಮುಚ್ಚಳ ಹಾಕುವುದು, ಚೆಲ್ಲಿದ್ದನ್ನು ಒರೆಸಿ ಹೊರಗೆ ಒಯ್ಯುವುದು ಅಲ್ಲಿನ ಶಿಸ್ತು.

ಆ ವರ್ಷ ಹೊಂಗೆ ತಡವಾಗಿ ಹೂಬಿಟ್ಟಿತು; ಮಳೆಗೆ ಮೊದಲು ಜೇನು ಕೂಡಿಡಲು ಕೆಲವೇ ದಿನ ಉಳಿದಿದ್ದವು.

"ಮುಚ್ಚಳ ಆಮೇಲೆ. ಒರೆಸುವವರೂ ಹೂವಿಗೆ ಹೊರಡಿ," ಎಂದಳು ಕೇಸರಕ್ಕ.

"ತೆರೆದಿಟ್ಟರೆ ಜೇನು ತೇವ ಹೀರಿ ಹುಳಿ ಬರುತ್ತದೆ, ಅಕ್ಕಾ. ಆಗಲೇ ಘಾಟು ತಲೆಗೇರುತ್ತಿದೆ," ಎಂದಳು ಚಿಗುರಿ.

"ನಿನ್ನದು ರಾಣಿಗಿಂತ ನಾಜೂಕಾದ ಮೂಗು. ನಾವೇ ಮಾಡಿದ ಜೇನು ನಮಗೇನು ಮಾಡೀತು?"

"ಮಾಡಿದರೆ ನಮಗೇ ಮೊದಲು ಮಾಡುತ್ತದೆ. ಅದರ ಪಕ್ಕದಲ್ಲಿ ಇರುವವರು ನಾವು."

"ಮಾತು ಸಾಕು. ಕೆಲಸ ನೋಡು."

ಜೇನು ಹುಳಿ ಬಂದು ನೊರೆಯೆದ್ದಿತು. ಒರೆಸಲು ಯಾರೂ ಇರಲಿಲ್ಲ. ಅದರ ಘಾಟಿಗೆ ಉಗ್ರಾಣದವರು ಒಬ್ಬೊಬ್ಬರಾಗಿ ಸತ್ತು ಬಿದ್ದರು. ಹೊರಗೆ ಇದು ಗೊತ್ತಾಗಲೇ ಇಲ್ಲ. ಸತ್ತವರ ಪಾಲಿನ ಕೆಲಸವನ್ನೂ ಉಳಿದವರು ಮಾಡಿ ಹನಿ ಒದಗಿಸುತ್ತಿದ್ದರು. ಬಹುಪಾಲು ಮಂದಿ ಹೋದ ಮೇಲೆಯೇ ಕುಣಿಯುವವರು ನಿಧಾನವಾದರು. ಅವರ ಕಾಲು ನಡುಗಿತು. ಆ ನಡುಕದಲ್ಲಿ ಯಾರಿಗೂ ಹೂವಿನ ದಾರಿ ಕಾಣಲಿಲ್ಲ.

ಹೂವಿನ ಬಳಿಯಿದ್ದ ಕೇಸರಕ್ಕ ಉಗ್ರಾಣಕ್ಕೆ ಧಾವಿಸಿದಳು. ಅರ್ಧ ಮುಚ್ಚಿದ ಕೋಣೆಯ ಮೇಲೆ ಚಿಗುರಿ ಒರಗಿದ್ದಳು. ಬಾಯಲ್ಲಿ ಇನ್ನೂ ಮೇಣವಿತ್ತು.

"ಏಳೇ," ಎಂದಳು ಕೇಸರಕ್ಕ.

ಚಿಗುರಿ ಏಳಲಿಲ್ಲ.

ಪಕ್ಕದ ಮತ್ತಿಮರದ ಗೂಡಿನವರು ಜೇನು ತಂದುಕೊಟ್ಟರು. ಕುಣಿಯುವವರ ಕಾಲು ಮತ್ತೆ ಎದ್ದಿತು.

"ಇನ್ನು ನಮ್ಮ ಉಗ್ರಾಣವೂ ಮೊದಲಿನಂತಾಗುತ್ತದೆ, ಅಲ್ಲವೇ?" ಎಂದು ಕೇಸರಕ್ಕ ಕೇಳಿದಳು.

"ಜೇನು ಕೊಡಬಲ್ಲೆವು, ಮಗಳೇ. ಮಾಡುವವರನ್ನು ಎಲ್ಲಿಂದ ತರೋಣ?" ಎಂದಳು ಆ ಗೂಡಿನ ಹಿರಿಯಳು.

ಕೇಸರಕ್ಕ ಉಗ್ರಾಣದೊಳಗೆ ಹೋದಳು. ತಂಗಿ ಅರ್ಧಕ್ಕೆ ಬಿಟ್ಟ ಮುಚ್ಚಳವನ್ನು ಕುಳಿತು ಮುಗಿಸಿದಳು.

ಮಕ್ಕಳೇ, ನಮ್ಮ ಮಿದುಳಿನಲ್ಲೂ ಇಂಥದೊಂದು ಉಗ್ರಾಣವಿದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಸವನ್ನು ತಯಾರಿಸುತ್ತವೆ. ಕೈಕಾಲು ನಾವು ಹೇಳಿದಂತೆ ಕೇಳಲು ಅದು ಬೇಕು. ಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಇರುವವರೆಗೆ ಅದು ಕ್ಷೇಮ. ಚೀಲದಿಂದ ಸೋರಿ, ಅದನ್ನು ಶುಚಿಮಾಡುವ ಏರ್ಪಾಡೂ ಸೋತರೆ, ಅದು ವಿಷವಾಗಿ ತನ್ನನ್ನು ಮಾಡಿದ ಕೋಶವನ್ನೇ ಕೊಲ್ಲುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ನರಕೋಶಗಳು ಸಾಯಲು ಇದೂ ಒಂದು ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಪಕ್ಕದ ಗೂಡಿನ ಜೇನಿನಂತೆ ಔಷಧಿ ಆ ರಸದ ಕೊರತೆಯನ್ನು ತುಂಬೀತು, ಸತ್ತ ಕೋಶಗಳನ್ನು ಮರಳಿ ತರಲಾರದು. ಆದರೆ ರೋಗಿಯ ಮಿದುಳಿನಲ್ಲಿ ತಪ್ಪು ಮಾಡಿದ ಕೇಸರಕ್ಕ ಯಾರೂ ಇರುವುದಿಲ್ಲ. ಆದ್ದರಿಂದ ಹಿರಿಯರ ಕೈ ನಡುಗುವುದನ್ನು ಕಂಡು ನಗತಕ್ಕದ್ದಲ್ಲ. ಎದ್ದು ಹೋಗಿ ಅವರ ಲೋಟ ಹಿಡಿದುಕೊಳ್ಳಬೇಕು.

ನೀತಿ: ಜೋಪಾನ ತಪ್ಪಿದರೆ ಅಮೃತವೂ ವಿಷ; ಅದರ ಮೊದಲ ಪೆಟ್ಟು ಮಾಡಿದವರಿಗೇ.