ನೇರಳೆಯಾಚೆಯ ಬಣ್ಣ

ಜಡೆಯ ಅನ್ನೋ ಹುಡುಗ ಮೊದಲ ಸಲ ತನ್ನ ಹಾಡಿ, ಅಂದ್ರೆ ಕಾಡೊಳಗಿನ ಊರು, ಬಿಟ್ಟು ನಡೆದದ್ದು ಒಂದು ಮಂಗಳವಾರವಂತೆ. ಯಾವ ಕಾಲ ಅಂತ ಕೇಳಬೇಡ ಕೂಸೇ, ಕಾಡಿನ ಮರಕ್ಕೆಲ್ಲ ಇನ್ನೂ ಹೆಸರಿಡ್ತಾ ಇದ್ದ ಕಾಲ. ಅವನ ಅಪ್ಪ ಬೇದೇಗೌಡ ಹೆಜ್ಜೇನು ಕಟ್ಟೋ ಜೇನುಬಂಡೆಯ ಯಜಮಾನ. ಮೂವರು ಗಂಡುಮಕ್ಕಳಲ್ಲಿ ಕೇತ, ಮಾದ ಮನೆಯಲ್ಲೇ ಇದ್ದರಂತೆ, ಕಿರಿಯ ಜಡೆಯನಿಗೆ ಮಾತ್ರ ಕಾಲು ಒಂದು ಕಡೆ ನಿಲ್ಲದು. ಇವನು ಕೂತ ಕಲ್ಲೂ ಬಿಸಿಯಾಗಲ್ಲ ಅಂತ ಅಣ್ಣಂದಿರು ಆಡಿಕೊಳ್ಳೋರಂತೆ.

ಆಮೇಲೆ ಏನಾಯ್ತು, ಊರೂರು ಸುತ್ತುತ್ತಿದ್ದ ಜಡೆಯನಿಗೆ ಉಪ್ಪು ಮಾರೋನೊಬ್ಬ ಸಿಕ್ಕಿ ಸುದ್ದಿ ಹೇಳಿದನಂತೆ. ನಿಮ್ಮಣ್ಣಂದಿರು ಬಂಡೆ ಕೆಳಗಿನ ಪೊದೆ ಸುಟ್ಟರು, ಜೇನು ಎದ್ದು ಹೋಯ್ತು. ಮಳೆ ಕಳೆದು ಮೂರನೇ ಹುಣ್ಣಿಮೆಯೊಳಗೆ ಅದು ವಾಪಸ್ ಬರದಿದ್ದರೆ ಹಾಡಿನೇ ಕಿತ್ತು ಹೋಗೋಣ ಅಂತಿದ್ದಾನೆ ನಿಮ್ಮಪ್ಪ. ಜೇನು ಕರೆತಂದ ಮಗನಿಗೆ ಬಂಡೆ ಇಳಿಯೋ ಬಳ್ಳಿಹಗ್ಗ, ಅಂದ್ರೆ ಯಜಮಾನಿಕೆ, ಕೊಡ್ತಾನಂತೆ. ಕೇತ ಬೆಲ್ಲದ ಮಡಕೆ ಕಟ್ಟಿದ, ಕರಡಿ ಬಂತು. ಮಾದ ಕೆಂಪು ಬಟ್ಟೆ ಕಟ್ಟಿದ, ಒಂದು ನೊಣವೂ ತಿರುಗಿ ನೋಡಲಿಲ್ಲ.

ಜಡೆಯ ಹಾಡಿಯ ದಾರಿ ಹಿಡಿದನಂತೆ. ಹಾಡಿ ಅಲ್ಲೇ ಇದೆ ಅನ್ನೋ ಧೈರ್ಯದ ಮೇಲೇ ತಾನೇ ಅವನು ಅಷ್ಟು ದೂರ ನಡೆದಿದ್ದು? ಯೋಚಿಸ್ತಾ ಹುಚ್ಚೆಳ್ಳು ಹೊಲದಲ್ಲಿ ಕೂತನಂತೆ. ಆಗ ಒಂದು ಹೆಜ್ಜೇನು ಬಂದು, ಏಳಯ್ಯ, ದಾರಿ ಮೇಲೆ ಕೂತಿದ್ದೀಯ, ಅಂತ ಗದರಿಸಿತಂತೆ.

ಇಲ್ಲೆಲ್ಲಿ ದಾರಿ, ಬರೀ ಹಳದಿ ಹೂವು, ಅಂದ ಇವನು.

ನಿನ್ನ ಕಣ್ಣಿಗೆ ಬರೀ ಹಳದಿ ಅಂತು ಜೇನು. ನನ್ನ ಕಣ್ಣು ನಮ್ಮ ಜೇನುತಟ್ಟಿ ಹಾಗೆ, ಸಾವಿರಾರು ಕೋಣೆ. ಬಿಸಿಲಲ್ಲಿ ನೇರಳೆಯಿಂದಾಚೆಗೆ ಒಂದು ಬಣ್ಣ ಇದೆ. ಅದನ್ನ ಹಿಡಿಯೋಕೇ ಅಂತ ಕೋಣೆಯೊಳಗೆ ಕಾವಲು ಇಟ್ಟಿದ್ದೀವಿ. ನಿಮ್ಮಣ್ಣನ ಕೆಂಪು ಬಟ್ಟೆ ನಮಗೆ ಬರೀ ಕಪ್ಪು. ಮೂರು ಹೂವು ನೋಡೋವಷ್ಟು ಹೊತ್ತು ಕಣ್ಣು ಸಾಲ ಕೊಡ್ತೀನಿ, ಆದ್ರೆ ಆ ಬಣ್ಣ ಕಂಡವನ ಕಾಲು ಮತ್ತೆ ನೆಲೆ ನಿಲ್ಲಲ್ಲ.

ಈಗೇನು ನಿಂತಿದೆಯಾ, ಕೊಡು, ಅಂದನಂತೆ ಜಡೆಯ.

ಮೊದಲ ಹೂವಿನ ಎಸಳಂಚು ಹೆಸರಿಲ್ಲದ ಬಣ್ಣದಲ್ಲಿ ಧಗಧಗ, ನಡುವೆ ತೆರೆದ ಬಾಗಿಲ ಹಾಗೆ ಕಪ್ಪು. ಎರಡನೇದರಲ್ಲೂ ಬಾಗಿಲು. ಮೂರನೇದು ಅರ್ಧ ನೋಡೋ ಹೊತ್ತಿಗೆ ಕಣ್ಣು ತುಂಬಿ ಬಂತಂತೆ, ಒರೆಸಿಕೊಂಡು ನೋಡಿದರೆ ಮತ್ತೆ ಬರೀ ಹಳದಿ.

ಜೇನಿಗೆ ದಾರಿ, ಬಾಗಿಲು ಎಲ್ಲ ಈ ಹೂವೇ ಅಂತ ಹೊಳೆದು, ಹೊಲದವನನ್ನ ಬೇಡಿ ಒಂದು ಗಂಟು ಹುಚ್ಚೆಳ್ಳು ಕಾಳು ತಂದು, ಅಣ್ಣಂದಿರು ಸುಟ್ಟ ನೆಲದಲ್ಲಿ ಬಿತ್ತಿದನಂತೆ. ಊರೆಲ್ಲ ಸುತ್ತಿ ಒಗ್ಗರಣೆಗೆ ಎಣ್ಣೆಕಾಳು ತಂದನಲ್ಲ ಅಂತ ಮಾದ ನಕ್ಕನಂತೆ. ಪೈರು ಏಳೋವರೆಗೂ ಜಡೆಯ ದಿನಾ ಹಾಡಿಯಂಚಿನವರೆಗೆ ಹೋಗೋನು, ತಿರುಗಿ ಬರೋನು, ಹೋಗೋನು, ಬರೋನು. ಮೊದಲ ಹುಣ್ಣಿಮೆ ಹೋಯ್ತು, ಎರಡನೇದೂ ಹೋಯ್ತು. ಅಪ್ಪ ಪಾತ್ರೆಪಗಡ ಕಟ್ಟಿಸಿಬಿಟ್ಟಿದ್ದನಂತೆ. ಮೂರನೇ ಹುಣ್ಣಿಮೆಯ ಹಗಲು ಬಂಡೆ ಕೆಳಗೆಲ್ಲ ಹೂವು ಬಿಡ್ತು, ಅವತ್ತು ಸಂಜೆಗೆ ಬಂಡೆ ಗುಂಯ್‌ಗುಟ್ಟಿತಂತೆ.

ಕಟ್ಟಿದ ಪಾತ್ರೆ ಬಿಚ್ಚಿದರು, ಒಲೆ ಹಚ್ಚಿದರು, ಹಾಡಿ ನಿಂತ್ಕೊಳ್ತು. ಅಪ್ಪ ಬಳ್ಳಿಹಗ್ಗ ಕೊಟ್ಟರೆ ಜಡೆಯ ಅದನ್ನ ಕೇತನ ಹೆಗಲಿಗೆ ಹಾಕಿದನಂತೆ, ಪೊದೆಗೆ ಮಾತ್ರ ಬೆಂಕಿ ಇಡಬೇಡಣ್ಣ ಅಂದನಂತೆ.

"ಇನ್ನೆಲ್ಲಿಗೋ?" ಅಂದ ಅಪ್ಪ.

"ಎರಡೂವರೆ ಹೂವು ನೋಡಿದ್ದೀನಪ್ಪ, ಮಿಕ್ಕಿದ್ದೆಲ್ಲ ಇದೆಯಲ್ಲ."

ಅಪ್ಪ ಒಳಗಿಂದ ರಾಗಿಹಿಟ್ಟು ತಂದು ಕೊಟ್ಟನಂತೆ. ಜಡೆಯ ಕಂಬಳಿ ಹಾಸಿ, ಹಿಟ್ಟಿಟ್ಟು, ಪಕ್ಕಕ್ಕೊಂದು ಹಿಡಿ ಕಾಳಿಟ್ಟು, ನಾಲ್ಕು ಮೂಲೆ ಸೇರಿಸಿ ಗಂಟು ಹಾಕ್ತಾ ಕೂತನಂತೆ. ಅವನ ಗಂಟು ಬಿಗೀತು, ನನ್ನ ಕತೆಯೂ ಅದರೊಳಗೇ ಸೇರ್ತು, ಮಲಗು ಕೂಸೇ.